ಮಳೆಗಾಲದ ಡಿಸಿ ಅರ್ಥ್ ಫಾಲ್ಟು

ನಮ್ಮ ಕಾರ್ಖಾನೆ ಗೋವಾದ ವೆರ್ಣಾದಲ್ಲಿದೆ. 33 ಕೆವಿ ಲೈನ್ ಒಳಗೆ ಬರುತ್ತದೆ, ನಮ್ಮದೇ ಸಣ್ಣ ಸಬ್‌ಸ್ಟೇಷನ್ ಇದೆ. ನಾನು ಧಾರವಾಡದವನು. ಶಿಫ್ಟಿನ ಹುಡುಗರಲ್ಲಿ ಗದಗ, ಬಾಗಲಕೋಟೆ ಕಡೆಯವರೇ ಜಾಸ್ತಿ. ಹಾಗಾಗಿ ಕಂಟ್ರೋಲ್ ರೂಮಿನಲ್ಲಿ ಮಾತು ಬಹುಪಾಲು ಕನ್ನಡದಲ್ಲೇ ನಡೆಯುತ್ತದೆ.

ಆ ರೂಮಿನ ಪಕ್ಕದಲ್ಲೇ ಬ್ಯಾಟರಿ ಕೋಣೆ. ಎರಡು ವೋಲ್ಟಿನ 55 ಸೆಲ್, ಒಂದು ಚಾರ್ಜರ್, ಒಂದು ಡಿಸಿ ಬೋರ್ಡು. ಹೆಸರಿಗೆ 110 ವೋಲ್ಟ್. ಫ್ಲೋಟ್‌ನಲ್ಲಿ, ಅಂದರೆ ಚಾರ್ಜರ್ ಬ್ಯಾಟರಿಯನ್ನು ಸದಾ ತುಂಬಿಟ್ಟಿರುವಾಗ, ಸೆಲ್ಲಿಗೆ 2.25ರ ಲೆಕ್ಕದಲ್ಲಿ ಸುಮಾರು 124 ನಿಂತಿರುತ್ತದೆ. ಕರೆಂಟು ಇರಲಿ, ಹೋಗಲಿ, ಫಾಲ್ಟ್ ಬಂದಾಗ ಲೈನ್ ಕತ್ತರಿಸುವ ಬ್ರೇಕರ್ ಟ್ರಿಪ್ ಆಗಬೇಕಾದರೆ ಈ ಡಿಸಿ ಬೇಕೇ ಬೇಕು. ಫಾಲ್ಟ್ ಗುರುತಿಸಿ ಬ್ರೇಕರ್‌ಗೆ ಹೇಳುವ ರಿಲೇ ಎಷ್ಟೇ ದುಬಾರಿಯದಿರಲಿ, ಡಿಸಿ ಇಲ್ಲದಿದ್ದರೆ ಅದು ಸುಮ್ನೆ ಗೋಡೆಗೆ ಹೊಡೆದ ಡಬ್ಬಿ.

ಜೂನ್ ಮೊದಲ ವಾರ ಮಳೆ ಹಿಡಿಯಿತೆಂದರೆ ನಮ್ಮ ಅಲಾರಂ ಬೋರ್ಡಿನಲ್ಲಿ ಒಂದು ಕಿಟಕಿ ಮಿನುಗಲು ಶುರುವಾಗುತ್ತದೆ: ಡಿಸಿ ಅರ್ಥ್ ಫಾಲ್ಟ್, ಅಂದರೆ ಡಿಸಿ ವೈರ್ ಎಲ್ಲೋ ನೆಲಕ್ಕೆ ತಾಗಿದೆ. ಅಕ್ಸೆಪ್ಟ್ ಒತ್ತಿದರೆ ಹೂಟರ್ ನಿಲ್ಲುತ್ತದೆ, ದೀಪ ಸ್ಥಿರವಾಗಿ ಉರಿಯುತ್ತದೆ. ಫ್ಯಾಕ್ಟರಿ ನಡೆಯುತ್ತಲೇ ಇರುತ್ತದೆ, ಎಲ್ಲೂ ಏನೂ ಆಗಿರುವುದಿಲ್ಲ. ಅದಕ್ಕೇ ಈ ಅಲಾರಂಗೆ ಯಾರೂ ಹೆದರುವುದಿಲ್ಲ. ಹೊಸ ಹುಡುಗನೊಬ್ಬ ಕೇಳಿದ್ದ, "ಸರ್ರ, ಮತ್ತ ಹೊಡ್ಯಾಕತ್ತೈತಿ. ಅಕ್ಸೆಪ್ಟ್ ಮಾಡಿ ಬಿಡ್ಲೇನ್ರಿ?" ನಾನು, "ಬಿಡಬ್ಯಾಡ, ಮೀಟರ್ ತಗೊಂಡ್ ಬಾ" ಎಂದೆ.

ಏನೂ ಆಗದಿರುವುದಕ್ಕೆ ಕಾರಣವಿದೆ. ಈ ಡಿಸಿಯ ಪ್ಲಸ್ಸೂ ಅರ್ಥ್‌ಗೆ ಕಟ್ಟಿಲ್ಲ, ಮೈನಸ್ಸೂ ಕಟ್ಟಿಲ್ಲ. ಬೇಕೆಂದೇ ಹಾಗೆ ತೇಲಿಸಿ ಬಿಟ್ಟಿರುತ್ತಾರೆ. ಒಂದು ವೈರ್ ಎಲ್ಲೋ ಲೋಹದ ಮೈಗೆ ತಾಗಿದರೂ ಕರೆಂಟು ತಿರುಗಿ ಬರಲು ದಾರಿ ಇಲ್ಲ. ಟೆಲಿಕಾಂನ 48 ವೋಲ್ಟಿನಲ್ಲಿ ಪ್ಲಸ್ಸನ್ನೇ ಅರ್ಥ್ ಮಾಡಿರುತ್ತಾರೆ, ಅಲ್ಲಿನ ಕಥೆ ಬೇರೆ. ನಮ್ಮಲ್ಲಿ ತಾಪತ್ರಯ ಶುರುವಾಗುವುದು ಎರಡನೇ ಕಡೆ ತಾಗಿದಾಗ.

ಟ್ರಿಪ್ ಸರ್ಕ್ಯೂಟ್ ನೋಡಿ. ಪ್ಲಸ್ಸಿನಿಂದ ರಿಲೇ ಕಾಂಟ್ಯಾಕ್ಟು, ಅಲ್ಲಿಂದ ಬ್ರೇಕರ್ ಬೀಳಿಸುವ ಟ್ರಿಪ್ ಕಾಯಿಲ್, ಅಲ್ಲಿಂದ ಮೈನಸ್. ಪ್ಲಸ್ ಈಗಾಗಲೇ ಅರ್ಥ್ ಆಗಿದೆ ಎಂದಿಟ್ಟುಕೊಳ್ಳಿ. ಕಾಂಟ್ಯಾಕ್ಟಿಗೂ ಕಾಯಿಲ್‌ಗೂ ನಡುವಿನ ವೈರ್ ಕೂಡ ಅರ್ಥ್ ಆಯಿತು. ಪ್ಲಸ್ಸು ನೆಲದ ಮೂಲಕ ನೇರ ಕಾಯಿಲ್‌ಗೆ ಬಂತು, ಬ್ರೇಕರ್ ಬಿತ್ತು. ರಿಲೇಯಲ್ಲಿ ಫ್ಲ್ಯಾಗ್ (ಯಾಕೆ ಬಿತ್ತೆಂಬ ಗುರುತು) ಇಲ್ಲ, ಕಾರಣ ಇಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಬೇಕು. ಪ್ಲಸ್ ಬದಲು ಮೈನಸ್ ಅರ್ಥ್ ಆಗಿದ್ದರೆ ಇನ್ನೂ ಕೆಟ್ಟದು. ಕಾಯಿಲ್‌ನ ಎರಡೂ ತುದಿ ಮೈನಸ್ಸೇ ಆಗಿಬಿಡುತ್ತದೆ. ನಿಜವಾದ ಫಾಲ್ಟ್ ಬಂದು ರಿಲೇ ಕಾಂಟ್ಯಾಕ್ಟ್ ಮುಚ್ಚಿದರೆ ಪ್ಲಸ್ಸು ಮೈನಸ್ಸು ಶಾರ್ಟ್ ಆಗಿ ಎಂಸಿಬಿ ಬೀಳುತ್ತದೆ, ಬ್ರೇಕರ್ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಕೆಲಸವಿಲ್ಲದೆ ಬೀಳುವ ಬ್ರೇಕರ್‌ನಿಂದ ಪ್ರೊಡಕ್ಷನ್‌ನವರ ಬೈಗುಳ ತಿಂದರೆ ಮುಗಿಯಿತು. ಬೀಳಬೇಕಾದಾಗ ಬೀಳದಿದ್ದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

ಹಾಗಾಗಿ ಅಲಾರಂ ಬಂದ ಕೂಡಲೇ ನಾನು ಎರಡು ರೀಡಿಂಗ್ ತೆಗೆಯುತ್ತೇನೆ: ಪ್ಲಸ್ಸಿನಿಂದ ಅರ್ಥ್‌ಗೆ, ಮೈನಸ್ಸಿನಿಂದ ಅರ್ಥ್‌ಗೆ. ಎಲ್ಲ ಚೆನ್ನಾಗಿದ್ದರೆ 124ರ ಅರ್ಧರ್ಧ, ಅಂದರೆ 62 ಮತ್ತು 62. ಯಾವ ಕಡೆ ಕಮ್ಮಿ ಬಂತೋ ಆ ಕಡೆ ಲೀಕ್ ಇದೆ. ಕೂಡಿಸಿದರೆ 124 ಬರಲೇಬೇಕು. ಬರದಿದ್ದರೆ ನಿಮ್ಮ ಪ್ರೋಬ್ ಸರಿಯಾಗಿ ಕೂತಿಲ್ಲ.

ಒಂದು ಸಲ ಪ್ಲಸ್ ಕಡೆ 8, ಮೈನಸ್ ಕಡೆ 116 ಬಂತು. ಹೆಚ್ಚುಕಮ್ಮಿ ಪೂರ್ತಿ ಅರ್ಥ್. ಇನ್ನು ಡಿಸಿ ಬೋರ್ಡಿನಿಂದ ಹೊರಡುವ ಫೀಡರ್ ಒಂದೊಂದಾಗಿ ತೆಗೆದು ನೋಡಬೇಕು. ಇದನ್ನು ಅವಸರದಲ್ಲಿ ಮಾಡುವಂತಿಲ್ಲ. ಫೀಡರ್ ಆಫ್ ಆದಷ್ಟು ಹೊತ್ತು ಅದರ ಬ್ರೇಕರ್‌ಗೆ ರಕ್ಷಣೆ ಇಲ್ಲ. ಕೆಲವು ಬ್ರೇಕರ್‌ಗಳಲ್ಲಿ ಅಂಡರ್‌ವೋಲ್ಟೇಜ್ ಕಾಯಿಲ್ ಇರುತ್ತದೆ, ಡಿಸಿ ಹೋದರೆ ಅವೇ ಬೀಳುತ್ತವೆ. ಹಾಗಾಗಿ ಮೊದಲು ಡ್ರಾಯಿಂಗ್ ಬಿಚ್ಚುತ್ತೇನೆ, ಪ್ರೊಡಕ್ಷನ್‌ನವರಿಗೆ ಹೇಳುತ್ತೇನೆ. ಗುಡುಗು ಸಿಡಿಲು ಇದ್ದರೆ ಕೈ ಹಾಕುವುದೇ ಇಲ್ಲ. ಅವತ್ತು ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಒಬ್ಬ ಮೀಟರ್ ಹಿಡಿದು ರೀಡಿಂಗ್ ಕೂಗುತ್ತಿದ್ದ, ನಾನು ಎಂಸಿಬಿ ಆಫ್ ಮಾಡಿ ಆನ್ ಮಾಡುತ್ತಾ ಹೋದೆ. ಎಂಟು, ಎಂಟು, ಎಂಟು. ಎರಡನೇ ಟ್ರಾನ್ಸ್‌ಫಾರ್ಮರಿನ ಕಂಟ್ರೋಲ್ ಫೀಡರ್ ತೆಗೆದ ಕೂಡಲೇ "ಅರವತ್ತೆರಡ್ ಬಂತ್ರಿ!"

ಆಮೇಲೆ ಟ್ರಾನ್ಸ್‌ಫಾರ್ಮರಿನ ವೈರುಗಳೆಲ್ಲ ಕೂಡುವ ಮಾರ್ಷಲಿಂಗ್ ಬಾಕ್ಸಿನಲ್ಲಿ ಒಂದೊಂದೇ ಲಿಂಕ್ ಬಿಚ್ಚಿದೆವು. ದಾರಿ ನೇರ ಬುಖೋಲ್ಟ್ಜ್ ರಿಲೇಗೆ, ಅಂದರೆ ಟ್ರಾನ್ಸ್‌ಫಾರ್ಮರಿನೊಳಗೆ ಗ್ಯಾಸ್ ಹುಟ್ಟಿದರೆ ಹೇಳುವ ರಿಲೇಗೆ ಹೋಯಿತು. ಅದಂತೂ ಟ್ರಾನ್ಸ್‌ಫಾರ್ಮರಿನ ತಲೆಯ ಮೇಲೆ, ಕನ್ಸರ್ವೇಟರ್ ಎಂಬ ಎಣ್ಣೆ ತೊಟ್ಟಿಯ ಪೈಪಿನಲ್ಲಿ, ಮಳೆಗೆ ಮೈಯೊಡ್ಡಿ ಕೂತಿರುತ್ತದೆ. ಅದರ ಹತ್ತಿರ ಹೋಗಬೇಕಾದರೆ ಟ್ರಾನ್ಸ್‌ಫಾರ್ಮರ್ ಬಂದ್ ಮಾಡಿ, ಅರ್ಥ್ ಹಾಕಿ, ಪರ್ಮಿಟ್ ತೆಗೆದುಕೊಂಡೇ ಹತ್ತಬೇಕು. ಟರ್ಮಿನಲ್ ಡಬ್ಬಿಯ ಮುಚ್ಚಳ ತೆಗೆದರೆ ಗ್ಯಾಸ್ಕೆಟ್ ಬಿಸ್ಕತ್ತಿನಂತೆ ಪುಡಿ ಪುಡಿ. ತಳದಲ್ಲಿ ನೀರು. ಅಲಾರಂ ಕಾಂಟ್ಯಾಕ್ಟಿನ ಒಂದು ಸ್ಕ್ರೂ ಮೇಲೆ ಹಸಿರು ಹಿಟ್ಟು ಕೂತಿತ್ತು, ಪಕ್ಕದ್ದು ಇನ್ನೂ ಹೊಳೆಯುತ್ತಿತ್ತು. ಹಸಿರಾಗಿದ್ದದ್ದು ಪ್ಲಸ್. ಒದ್ದೆಯಾದ ಜಾಗದಲ್ಲಿ ಡಿಸಿ ಇದ್ದರೆ ಪ್ಲಸ್ ಕಡೆಯ ತಾಮ್ರವೇ ಕರಗಿ ಹೋಗುತ್ತದೆ. ಗೋವಾದ ಉಪ್ಪುಗಾಳಿಯೂ ಸೇರಿದರೆ ಕೇಳಬೇಕೇ?

ಬ್ಲೋವರ್ ಹಿಡಿದು ಒಣಗಿಸಿದೆವು. ಟರ್ಮಿನಲ್ ಬದಲಿಸಿದೆವು, ಹೊಸ ಗ್ಯಾಸ್ಕೆಟ್ ಹಾಕಿದೆವು. ಕೇಬಲ್ ಮೇಲಿನಿಂದ ಇಳಿದು ನೇರ ಗ್ಲ್ಯಾಂಡಿಗೆ (ಕೇಬಲ್ ಡಬ್ಬಿಯೊಳಗೆ ಹೋಗುವ ಬಾಯಿಗೆ) ಹೋಗಿತ್ತು, ಹನಿ ಅದರ ಗುಂಟ ಒಳಗೇ ಇಳಿಯುತ್ತಿತ್ತು. ಕೇಬಲ್ಲನ್ನು ಸ್ವಲ್ಪ ಕೆಳಗೆ ಬಳಸಿ ತಂದು ಕೆಳಗಿನಿಂದ ಒಳಗೆ ಬಿಟ್ಟೆವು. ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಾಕುವ ಮುಂಚೆ ಆ ವೈರುಗಳನ್ನು ಎರಡೂ ತುದಿಯಲ್ಲಿ ಬಿಡಿಸಿದ್ದೆವು. ಮೆಗ್ಗರಿನ 500 ವೋಲ್ಟು ಎಲೆಕ್ಟ್ರಾನಿಕ್ ರಿಲೇ ಒಳಗೆ ಹೋದರೆ ಒಂದು ಫಾಲ್ಟ್ ಹುಡುಕಲು ಹೋಗಿ ಇನ್ನೊಂದನ್ನು ತಂದಂತೆ, ಅಲ್ವಾ?

ಅಲಾರಂ ಯಾವಾಗ ಬಂತು ಎನ್ನುವುದೂ ಸುಳಿವೇ. ಬೆಳಿಗ್ಗೆ ಬಂದು ಮಧ್ಯಾಹ್ನ ಬಿಸಿಲಿಗೆ ತಾನೇ ಹೋದರೆ ತೇವ. ಬಾಕ್ಸಿನ ಸ್ಪೇಸ್ ಹೀಟರ್ ಕೆಲಸ ಮಾಡುತ್ತಿದೆಯೇ ನೋಡಿ, ಬಹಳ ಕಡೆ ಸುಟ್ಟು ಹೋಗಿರುತ್ತದೆ. ಬ್ರೇಕರ್ ಆನ್ ಮಾಡಿದಾಗ ಕೆಲವೇ ಸೆಕೆಂಡ್ ಬಂದು ಹೋದರೆ ಬ್ರೇಕರಿನ ಸ್ಪ್ರಿಂಗ್ ಬಿಗಿಯುವ ಸ್ಪ್ರಿಂಗ್ ಚಾರ್ಜಿಂಗ್ ಮೋಟರ್ ಮೇಲೆ ನನ್ನ ಅನುಮಾನ. ಅದು ತಿರುಗುವಾಗ ಮಾತ್ರ ಅದರ ವೈಂಡಿಂಗ್‌ಗೆ ಸಪ್ಲೈ ಹೋಗುತ್ತದೆ.

ಉಳಿದ ಅಲಾರಂಗಳು ಇಷ್ಟು ಗೋಳಾಡಿಸುವುದಿಲ್ಲ. ಮೇನ್ಸ್ ಫೇಲ್ ಎಂದರೆ ಚಾರ್ಜರಿಗೆ ಎಸಿ ಬರುತ್ತಿಲ್ಲ, ಅಷ್ಟೇ. ಅದರ ಬೆನ್ನಿಗೇ ಡಿಸಿ ಅಂಡರ್‌ವೋಲ್ಟೇಜ್ ಬಂತೆಂದರೆ ಮಾತ್ರ ಎದ್ದು ಹೋಗಬೇಕು. ಒಳ್ಳೆಯ ಬ್ಯಾಟರಿ 124ರಿಂದ 110ರ ಆಸುಪಾಸಿಗೆ ಬೇಗ ಇಳಿದು, ಆಮೇಲೆ ಅಲ್ಲೇ ಗಂಟೆಗಟ್ಟಲೆ ನಿಧಾನಕ್ಕೆ ಜಾರುತ್ತದೆ. ನಿಮಿಷದೊಳಗೆ 100ಕ್ಕೆ ಬಿದ್ದರೆ ಯಾವುದೋ ಸೆಲ್ ಸತ್ತಿದೆ, ಇಲ್ಲವೇ ಲಿಂಕ್ ಸಡಿಲವಾಗಿದೆ. ಲೋಡ್ ಇರುವಾಗಲೇ ಸೆಲ್ ಸೆಲ್ ಅಳೆಯಿರಿ. ಫ್ಲೋಟ್‌ನಲ್ಲಿ ಎಲ್ಲವೂ ಸಾಚಾ ಥರ ಕಾಣುತ್ತವೆ.

ನನಗೆ ನಿಜಕ್ಕೂ ಭಯ ಇರುವುದು ಅಲಾರಮ್ಮೇ ಬಾರದ ಫಾಲ್ಟಿನ ಮೇಲೆ. ಬ್ಯಾಟರಿ ಫ್ಯೂಸ್ ಹೋಗಿದ್ದರೂ ಚಾರ್ಜರ್ ತನ್ನ ಪಾಡಿಗೆ 124 ತೋರಿಸುತ್ತಿರುತ್ತದೆ, ಲೋಡೂ ನಡೆಯುತ್ತದೆ. ಎಸಿ ಹೋದ ಕ್ಷಣ ಎಲ್ಲ ಸೊನ್ನೆ. ಹೂಟರ್‌ಗೂ ಅದೇ ಡಿಸಿ, ಹಾಗಾಗಿ ಅದೂ ಬಾಯಿ ಬಿಡುವುದಿಲ್ಲ. ಡಿಸಿ ಫೇಲ್ ಬೆಲ್ಲನ್ನು ಎಸಿಯಲ್ಲಿ ಕೊಡುವ ರೂಢಿಯಿದೆ, ಆದರೆ ಈಗ ಎಸಿಯೂ ಇಲ್ಲವಲ್ಲ. ನಾವು ಆ ಬೆಲ್ಲನ್ನು ಯುಪಿಎಸ್‌ಗೆ ಬದಲಾಯಿಸಿದ್ದೇವೆ. ಜೊತೆಗೆ ಪ್ರತಿ ಸೋಮವಾರ ಬ್ಯಾಟರಿ ಫ್ಯೂಸಿನ ಎರಡೂ ತುದಿಗೆ ಮೀಟರ್ ಇಡುತ್ತೇವೆ. ಸೊನ್ನೆ ಬಂದರೆ ಫ್ಯೂಸು ಸರಿ ಇದೆ. ಕೆಲವು ವೋಲ್ಟ್ ಬಂದರೆ ಫ್ಯೂಸ್ ಹೋಗಿದೆ, ಬ್ಯಾಟರಿ ತನ್ನ ವೋಲ್ಟೇಜಿಗೆ ಇಳಿದು ಒಂಟಿಯಾಗಿ ಕೂತಿದೆ. ಸೆಲ್ಲುಗಳ ನಡುವೆ ಲಿಂಕ್ ಬಿಟ್ಟಿದ್ದರೆ ಇದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಸ್ಪ್ಯಾನರ್ ಹಿಡಿದು ಒಂದೊಂದೇ ಬೋಲ್ಟ್ ನೋಡಬೇಕು. ಆ ಕೆಲಸ ಮೇ ತಿಂಗಳಲ್ಲೇ ಮುಗಿಸಿಕೊಳ್ಳುತ್ತೇವೆ.