ಆಸ್ಪತ್ರೆ ಕಚೇರಿಗೆ ಅಪ್ರೆಂಟಿಸ್ ಆಗಿ ಸೇರಿದ್ದೀರಾ? ಮೊದಲು ಹೆಸರು ಬರೆಯುವುದನ್ನು ಕಲಿಯಿರಿ

ಮಗಳ ಜನನ ಪ್ರಮಾಣಪತ್ರದಲ್ಲಿ ಹೆಂಡತಿಯ ಹೆಸರು ತಪ್ಪಾಗಿದೆ ಎಂದು ಕೂಲಿ ಬಿಟ್ಟು, ಎರಡು ಬಸ್ ಹತ್ತಿ, ಮೂರನೆಯ ಸಲ ಬಂದು ನಿಂತಿದ್ದ ತಂದೆಯೊಬ್ಬರ ಮುಖ ನನಗೆ ಇನ್ನೂ ನೆನಪಿದೆ. ಆ ತಪ್ಪು ಆದದ್ದು ನೋಂದಣಿ ಕೌಂಟರಿನಲ್ಲಿ. ಮಾಡಿದವನು ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿದ್ದ ಅಪ್ರೆಂಟಿಸ್ ಹುಡುಗ. ಅವನನ್ನು ಬೈದು ಫಲವಿರಲಿಲ್ಲ. ಹೆಸರು ಬರೆಯುವುದನ್ನೂ ಕಲಿಸಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ವೈದ್ಯಕೀಯ ದಾಖಲೆ ವಿಭಾಗದಲ್ಲಿ ಕುಳಿತು ಇಂಥವನ್ನು ತಿದ್ದುತ್ತಲೇ ವರ್ಷಗಳನ್ನು ಕಳೆದ ನಾನು ಹೊಸಬರಿಗೆ ಈಗ ಹೇಳಿಕೊಡುವ ಕ್ರಮ ಇದು.

1. ಸೇರುವಾಗ

1961ರ ಅಪ್ರೆಂಟಿಸ್ ಕಾಯ್ದೆಯಡಿ ನಿಮ್ಮ ಒಪ್ಪಂದ ನೋಂದಣಿಯಾಗಿರಬೇಕು. ಅದರ ಪ್ರತಿ ಕೈಯಲ್ಲಿರಲಿ, ಸ್ಟೈಪೆಂಡ್ ಬ್ಯಾಂಕ್ ಖಾತೆಗೇ ಬರಲಿ. ‘ಆಮೇಲೆ ಮಾಡೋಣ’ ಎಂಬ ಮಾತಿಗೆ ಒಪ್ಪಬೇಡಿ.

2. ಮೊದಲ ಎರಡು ದಿನ

ಆಸ್ಪತ್ರೆಯನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ. ರಕ್ತನಿಧಿ ಎಲ್ಲಿದೆ, ಶವಾಗಾರ ಎಲ್ಲಿದೆ, ಯಾವ ಲಿಫ್ಟ್ ಎಲ್ಲಿಗೆ ಹೋಗುತ್ತದೆ ಎಂಬುದು ಬಾಯಿಪಾಠವಾಗಲಿ.

3. ನೋಂದಣಿ ಕೌಂಟರ್

ಇಲ್ಲಿ ಸಾವಧಾನ ಬೇಕು. ಎದುರಿಗೆ ಐವತ್ತು ಜನರ ಸಾಲು ಇದ್ದರೂ ಬೇಕು.

ಹೆಸರು ಕೇಳುವ ಮೊದಲು ‘ಹಿಂದೆ ಇಲ್ಲಿಗೆ ಬಂದಿದ್ದಿರಾ?’ ಎಂದು ಕೇಳಿ. ‘ಇಲ್ಲ’ ಎಂದರೂ ಮೊಬೈಲ್ ಸಂಖ್ಯೆ ಹಾಕಿ ಹುಡುಕಿ. ರೋಗಿಯ ಹಳೆಯ ನೋಂದಣಿ ಸಂಖ್ಯೆ ಹುಡುಕುವುದಕ್ಕಿಂತ ಹೊಸ ನೋಂದಣಿ ಬೇಗ ಮುಗಿಯುತ್ತದೆ, ಹಾಗಾಗಿ ಎಲ್ಲರೂ ಆ ಅಡ್ಡದಾರಿ ಹಿಡಿಯುತ್ತಾರೆ. ಒಬ್ಬರೇ ರೋಗಿಗೆ ಎರಡು ಸಂಖ್ಯೆಯಾದರೆ ಪೆನಿಸಿಲಿನ್ ಒಗ್ಗುವುದಿಲ್ಲ ಎಂಬ ಟಿಪ್ಪಣಿ ಹಳೆಯ ಕಡತದಲ್ಲೇ ಉಳಿಯುತ್ತದೆ, ವೈದ್ಯರ ಮೇಜಿಗೆ ಹೊಸ ಕಡತ ಮಾತ್ರ ಹೋಗುತ್ತದೆ.

ಇನ್ನು ಹೆಸರು. ‘ಹೆಸರೇನು?’ ಎಂದು ಕೇಳಿದರೆ ಮನೆಯಲ್ಲಿ ಕರೆಯುವ ಹೆಸರು ಬರುತ್ತದೆ. ಪುಟ್ಟಮ್ಮ ಎಂದವರ ಆಧಾರ್‌ನಲ್ಲಿ ಗೌರಮ್ಮ ಎಂದಿರಬಹುದು. ‘ಆಧಾರ್‌ನಲ್ಲಿ, ರೇಷನ್ ಕಾರ್ಡಿನಲ್ಲಿ ಏನೆಂದು ಬರೆದಿದೆ, ಸ್ವಲ್ಪ ಕೊಡಿಯಮ್ಮ’ ಎಂದು ಕೇಳಿ, ಕಾರ್ಡ್ ನೋಡಿಯೇ ಬರೆಯಿರಿ. ನಮ್ಮ ಹೆಸರುಗಳು ಇಂಗ್ಲಿಷ್ ಅಕ್ಷರಕ್ಕೆ ಇಳಿಯುವಾಗಲೇ ತೊಡಕು ಶುರುವಾಗುತ್ತದೆ. ಮಂಜುನಾಥ ಎಂಬ ಹೆಸರಿನ ಕೊನೆಗೆ ‘ಎ’ ಅಕ್ಷರ ಕೆಲವರಿಗೆ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಇನಿಷಿಯಲ್ ಒಬ್ಬರಿಗೆ ಹೆಸರಿನ ಹಿಂದೆ, ಇನ್ನೊಬ್ಬರಿಗೆ ಮುಂದೆ. ಅದರಲ್ಲಿ ಒಂದಕ್ಷರ ಊರಿನದು, ಒಂದು ತಂದೆಯದು. ಮದುವೆಯಾದ ಮೇಲೆ ಕೆಲವು ಹೆಣ್ಣುಮಕ್ಕಳ ಒಂದು ದಾಖಲೆಯಲ್ಲಿ ಗಂಡನದು, ಇನ್ನೊಂದರಲ್ಲಿ ತಂದೆಯದೇ. ನಿಮಗೆ ಯಾವುದು ಸರಿ ಎನಿಸುತ್ತದೆ ಎಂಬುದು ಬೇಡ. ಕಾರ್ಡಿನಲ್ಲಿ ಹೇಗಿದೆಯೋ ಹಾಗೆ, ಬಿಡುವಿರುವಲ್ಲಿ ಬಿಡುವು, ಚುಕ್ಕೆಯಿರುವಲ್ಲಿ ಚುಕ್ಕೆ. ಎರಡು ಕಾರ್ಡುಗಳಲ್ಲಿ ಬೇರೆ ಬೇರೆ ಇದ್ದರೆ ಆಗಲೇ ಮೇಲ್ವಿಚಾರಕರಿಗೆ ತಿಳಿಸಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ರಕ್ಷಣೆ ಇದೆ. ಹೆಸರು ಹೊಂದಿಕೆಯಾಗದೆ ಅನುಮೋದನೆ ನಿಂತರೆ ಆ ಕುಟುಂಬ ಸಾಲಕ್ಕೆ ಓಡಬೇಕಾಗುತ್ತದೆ.

ಬರೆದ ಮೇಲೆ ಪರದೆಯನ್ನು ಅವರ ಕಡೆ ತಿರುಗಿಸಿ. ಓದಲು ಬಾರದವರಿಗೆ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ವಯಸ್ಸನ್ನು ಗಟ್ಟಿಯಾಗಿ ಓದಿ ಹೇಳಿ. ಈ ಅರ್ಧ ನಿಮಿಷವನ್ನು ಯಾವ ಸಾಲಿಗೂ ಬಿಟ್ಟುಕೊಡಬೇಡಿ. ವಯಸ್ಸನ್ನು ಅಂದಾಜಿನಲ್ಲಿ ತುಂಬಬೇಡಿ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಹಾಕಿಬಿಡುವ ಅಭ್ಯಾಸ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಗರ್ಭಿಣಿಯರ ನೋಂದಣಿಯಲ್ಲಿ ಎರಡು ಪಟ್ಟು ಎಚ್ಚರ ಬೇಕು. ಶಿಶುವಿನ ದಾಖಲೆ ತಾಯಿಯ ಹೆಸರಿನಲ್ಲೇ ತೆರೆಯುತ್ತದೆ, ಆದ್ದರಿಂದ ತಾಯಿಯ ಹೆಸರಿನ ತಪ್ಪು ಮಗುವಿಗೂ ಅಂಟುತ್ತದೆ. ಆಸ್ಪತ್ರೆಯಲ್ಲಾದ ಜನನವನ್ನು 21 ದಿನದೊಳಗೆ ವರದಿ ಮಾಡಬೇಕಾದದ್ದು ಆಸ್ಪತ್ರೆಯೇ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಮುಂದೆ ಚಾಲನಾ ಪರವಾನಗಿ ಪಡೆಯಲು ಜನನ ಪ್ರಮಾಣಪತ್ರವೇ ಹುಟ್ಟಿದ ದಿನಕ್ಕೆ ಆಧಾರ. ನಾನು ಮೊದಲು ಹೇಳಿದ ತಂದೆ ಸುಮ್ಮನೆ ಮೂರು ಸಲ ಬಂದಿರಲಿಲ್ಲ.

ಇಷ್ಟೆಲ್ಲ ನಿಯಮ ತುರ್ತು ಚಿಕಿತ್ಸೆಗೆ ಅಡ್ಡ ಬರಬಾರದು. ಅಪಘಾತದಲ್ಲಿ ಬಂದವರ ಬಳಿ ಕಾರ್ಡ್ ಕೇಳುತ್ತಾ ನಿಲ್ಲಬೇಡಿ. ‘ಅಪರಿಚಿತ’ ಎಂದು ಬರೆದು, ಲಿಂಗ, ಬಂದ ಸಮಯ, ಕರೆತಂದವರ ವಿವರ ಸೇರಿಸಿ ಒಳಗೆ ಕಳುಹಿಸಿ.

4. ಕೇಸ್ ಶೀಟ್ (ರೋಗಿಯ ಚಿಕಿತ್ಸೆಯ ದಾಖಲೆ)

ನೀಲಿ ಬಾಲ್‌ಪೆನ್ ಬಳಸಿ; ಜೆಲ್ ಪೆನ್ನಿನ ಬರಹ ಒಂದು ಹನಿ ನೀರು ಬಿದ್ದರೂ ಹರಡಬಹುದು. ವೈಟ್ನರ್ ಬಾಟಲಿಯನ್ನು ಮೇಜಿನ ಮೇಲೆ ಇಟ್ಟುಕೊಳ್ಳಲೇಬೇಡಿ. ತಪ್ಪಾದರೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಸಹಿ ಮತ್ತು ದಿನಾಂಕ ಹಾಕಿ. ಅಳಿಸಿದ ಕಾಗದಕ್ಕೆ ನ್ಯಾಯಾಲಯದಲ್ಲಿ ಬೆಲೆ ಉಳಿಯುವುದಿಲ್ಲ. ಇಸಿಜಿ ಕಾಗದವನ್ನು ಸೆಲ್ಲೋಟೇಪ್‌ನಿಂದ ಅಂಟಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ: ಅದು ಶಾಖದಿಂದ ಅಚ್ಚಾಗುವ ಕಾಗದ, ಅಂಟು ತಾಗಿದಲ್ಲಿ ಗೆರೆಗಳು ಮಾಸಿಹೋಗುತ್ತವೆ. ಜೆರಾಕ್ಸ್ ಮಾಡಿ ಅದನ್ನೂ ಜೊತೆಗಿಡಿ.

5. ಬಿಡುಗಡೆಯ ದಿನ

ವೈದ್ಯರು ಬೆಳಗಿನ ಸುತ್ತಿನಲ್ಲಿ ‘ಇವತ್ತು ಮನೆಗೆ’ ಎಂದ ಕೂಡಲೇ ಬಿಲ್ಲು, ಔಷಧ ವಾಪಸು, ಲ್ಯಾಬ್ ವರದಿ ಸೇರಿಸಲು ಆರಂಭಿಸಿ. ನಗದುರಹಿತ ವಿಮೆಯಿದ್ದರೆ, ಆಸ್ಪತ್ರೆಯ ಕೋರಿಕೆ ತಲುಪಿದ 3 ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಅನುಮತಿ ಕೊಡಬೇಕೆಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ನೀವು ಕಳುಹಿಸುವುದೇ ಸಂಜೆ ನಾಲ್ಕಕ್ಕಾದರೆ ಆ ನಿಯಮದಿಂದ ರೋಗಿಗೆ ಏನೂ ಸಿಗುವುದಿಲ್ಲ.

6. ಗುಟ್ಟು

ಕಡತದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬೇಡಿ, ಕೇಳಿದವರು ಯಾರೇ ಆಗಿರಲಿ. ರೋಗಿಯೇ ದಾಖಲೆಯ ಪ್ರತಿ ಕೇಳಿದರೆ ಅರ್ಜಿ ಪಡೆದು, ಸ್ವೀಕೃತಿ ಕೊಟ್ಟು, ಅಂದೇ ದಾಖಲೆ ವಿಭಾಗಕ್ಕೆ ತಲುಪಿಸಿ; 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯಕೀಯ ಮಂಡಳಿಯ 2002ರ ನಿಯಮ. ಅರ್ಜಿಯ ಮೇಲೆ ದಿನಾಂಕದ ಜೊತೆ ಸಮಯವನ್ನೂ ಬರೆಯಿರಿ, ಗಂಟೆಯ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.