ಒಂದೇ ಎದುರಾಳಿ, ಎರಡು ಪಂದ್ಯ: ದಕ್ಷಿಣ ಸುಡಾನ್ ಆಟವನ್ನು ನಾನು ಪಾಠವಾಗಿಸಿದ ಬಗೆ

ಜೂನಿಯರ್ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುವವನು ನಾನು. ದಕ್ಷಿಣ ಸುಡಾನ್ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು 2024ರ ಜುಲೈನಲ್ಲಿ ಲಂಡನ್‌ನಲ್ಲಿ ನಡೆದ ಅಭ್ಯಾಸ ಪಂದ್ಯ. ಅರ್ಧ ಆಟ ಮುಗಿದಾಗ ಅಮೆರಿಕದ ಮೇಲೆ 58–42ರ ಮುನ್ನಡೆ. ಕೊನೆಗೆ ಎಂಟು ಸೆಕೆಂಡ್ ಉಳಿದಿದ್ದಾಗ ಲೆಬ್ರಾನ್ ಜೇಮ್ಸ್ ಬುಟ್ಟಿಯ ಹತ್ತಿರದಿಂದಲೇ ಹಾಕಿದ ಶಾಟ್‌ನಿಂದ (ಲೇಅಪ್) 101–100ರ ಸೋಲು. ನೋಡಿದವರ ಮೈ ಜುಂ ಎನಿಸಿದ ಪಂದ್ಯ ಅದು. ಆದರೂ ಪಾಠಕ್ಕೆ ನಾನು ಆರಿಸಿಕೊಂಡದ್ದು ಪೋರ್ಟೊ ರಿಕೊ ವಿರುದ್ಧದ ಎರಡು ಪಂದ್ಯಗಳನ್ನು. 2023ರ ವಿಶ್ವಕಪ್‌ನಲ್ಲಿ ಸಮಬಲವಾಗಿ ಓವರ್‌ಟೈಮ್‌ಗೆ (ಹೆಚ್ಚುವರಿ ಆಟಕ್ಕೆ) ಹೋಗಿ 101–96ರಿಂದ ಸೋತರು. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 90–79ರಿಂದ ಗೆದ್ದರು. ಎದುರಾಳಿ ಅದೇ, ಕೋಚ್ ರಾಯಲ್ ಐವಿ ಅವರೇ, ಮುಖ್ಯ ಆಟಗಾರರಲ್ಲಿ ಬಹುಪಾಲು ಅವರೇ. ಏನು ಬದಲಾಯಿತು ಎಂದು ಹುಡುಕಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಗಲಿಲ್ಲ.

ಕಾಮೆಂಟರಿ ಮ್ಯೂಟ್ ಮಾಡಿ, ಮೊದಲು ಚೆಂಡಿಲ್ಲದ ನಾಲ್ವರನ್ನು ಮಾತ್ರ ನೋಡಿದೆ. ಯಾರು ಕಾರ್ನರ್‌ನಲ್ಲಿ, ಅಂದರೆ ಕೋರ್ಟ್‌ನ ಮೂಲೆಯಲ್ಲಿ ನಿಂತರು, ಯಾರು ಸ್ಕ್ರೀನ್ ಕೊಟ್ಟರು (ಎದುರಾಳಿಯ ದಾರಿಗೆ ಅಡ್ಡ ನಿಂತು ಜೊತೆಗಾರನಿಗೆ ಜಾಗ ಮಾಡಿಕೊಟ್ಟರು), ಶಾಟ್ ಬಿದ್ದರೂ ಬೀಳದಿದ್ದರೂ ಯಾರು ಮೊದಲು ಹಿಂದಕ್ಕೆ ಓಡಿದರು. ಆಮೇಲೆ ವಿಡಿಯೊ ನಿಲ್ಲಿಸಿ ನಿಲ್ಲಿಸಿ, ಪ್ರತಿ ಬ್ಯಾಸ್ಕೆಟ್‌ಗೆ ಹಿಂದಿನ ಪಾಸ್ ಯಾರದ್ದೆಂದು ಬರೆದುಕೊಂಡೆ. ಬೇಸರ ಹಿಡಿಸುವ ಕೆಲಸ, ಆದರೆ ಆಟ ಅರ್ಥವಾಗುವುದು ಇಲ್ಲೇ.

ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಒಂದು ವಿಷಯ ಎದ್ದು ಕಂಡಿತು. ಸೋತ ಪಂದ್ಯದಲ್ಲಿ ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ನಡೆಸುವವರು) ಕಾರ್ಲಿಕ್ ಜೋನ್ಸ್ ಒಬ್ಬರದ್ದೇ 38 ಪಾಯಿಂಟ್. ಗೆದ್ದ ಪಂದ್ಯದಲ್ಲೂ ತಂಡದ ಪರ ಹೆಚ್ಚು ಗಳಿಸಿದವರು ಅವರೇ, ಆದರೆ ಬರೀ 19. ಉಳಿದದ್ದು ಜೊತೆಯವರಲ್ಲಿ ಹಂಚಿಹೋಗಿತ್ತು. ಡ್ರೈವ್ ಮಾಡಿ ಒಳಗೆ ನುಗ್ಗಿದವನ ಮೇಲೆ ಇಬ್ಬರು ಬಿದ್ದರೆ, ಹೊರಗೆ ಒಬ್ಬ ಖಾಲಿ ಇದ್ದೇ ಇರುತ್ತಾನೆ. ಆ ಖಾಲಿ ಇರುವವನನ್ನು ನಂಬುವ ತಂಡ ಬೆಳೆಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದನ್ನು ಹೇಳುತ್ತಿದ್ದಂತೆ ಒಬ್ಬ ಹುಡುಗ ಕೇಳಿದ: “ಸರ್, ನಮ್ಮಲ್ಲಿ ಕಾರ್ಲಿಕ್ ಜೋನ್ಸ್ ಇಲ್ಲವಲ್ಲ?” ನಾನು ಕಾರ್ನರ್‌ನಲ್ಲಿ ನಿಂತಿದ್ದವನ ಮೇಲೆ ವಿಡಿಯೊ ನಿಲ್ಲಿಸಿದೆ. ಚೆಂಡು ಇನ್ನೂ ಅತ್ತ ಕಡೆ ಇದೆ. ಇವನ ಮೊಣಕಾಲು ಆಗಲೇ ಬಗ್ಗಿದೆ, ಎರಡೂ ಅಂಗೈ ಎದೆ ಮಟ್ಟದಲ್ಲಿ ತೆರೆದಿವೆ. “ಇದಕ್ಕೆ ಜೋನ್ಸ್ ಬೇಕಾ?” ಎಂದೆ. ಅಂದಿನಿಂದ ನಮ್ಮ ಡ್ರಿಲ್ ಅದೇ: ಡ್ರೈವ್ ಮಾಡಿದವನು ಶಾಟ್ ಹಾಕುವಂತಿಲ್ಲ, ಪಾಸ್ ಕೊಡಬೇಕು. ಚೆಂಡು ಕೈಗೆ ಬಂದ ಮೇಲೆ ಕಾಲು ಸರಿಮಾಡಿಕೊಂಡವನ ಬ್ಯಾಸ್ಕೆಟ್ ಲೆಕ್ಕಕ್ಕಿಲ್ಲ.

ಜೋನ್ಸ್ ಹುಟ್ಟಿದ್ದು ಅಮೆರಿಕದಲ್ಲಿ, ತಂಡದ ಹಲವರು ಬೆಳೆದದ್ದು ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ. ಹೊರಗಿನವರನ್ನು ಕಟ್ಟಿಕೊಂಡು ಗೆದ್ದರು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯುದ್ಧದಿಂದಾಗಿ ದೇಶ ಬಿಟ್ಟ ಮನೆತನಗಳ ಮಕ್ಕಳನ್ನು ಹುಡುಕಿ ಕರೆತಂದು ಒಟ್ಟಿಗೆ ಆಡಿಸುವುದೇ ದೊಡ್ಡ ಕೆಲಸ. ಅದಕ್ಕೆ ಸ್ವಂತ ಹಣ ಹಾಕಿದವರು ಲುವಾಲ್ ಡೆಂಗ್. ಈಗಿನ ದಕ್ಷಿಣ ಸುಡಾನ್‌ನ ವಾವ್ ಊರಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ದೇಶ ಬಿಟ್ಟು, ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಾರಾ ಆಟಗಾರರ ಸಾಲಿಗೆ (ಆಲ್‌ಸ್ಟಾರ್) ಸೇರಿದವರು. 2019ರಲ್ಲಿ ದಕ್ಷಿಣ ಸುಡಾನ್ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಅಧ್ಯಕ್ಷರಾದರು. 2011ರಲ್ಲಷ್ಟೇ ಸ್ವತಂತ್ರವಾದ ದೇಶ, ತಂಡಕ್ಕೆ ಸ್ವದೇಶದಲ್ಲಿ ಒಳಾಂಗಣ ಕೋರ್ಟ್ ಇರಲಿಲ್ಲ. ಹೀಗಿದ್ದೂ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ 11 ಗೆಲುವು, ಒಂದೇ ಸೋಲು. ವಿಶ್ವಕಪ್‌ನಲ್ಲಿ ಚೀನಾವನ್ನು 89–69ರಿಂದ, ಅಂಗೋಲಾವನ್ನು 101–78ರಿಂದ ಸೋಲಿಸಿ, ಅಲ್ಲಿ ಆಡಿದ ಆಫ್ರಿಕಾದ ತಂಡಗಳ ಪೈಕಿ ಮೊದಲ ಸ್ಥಾನ ಪಡೆದು ಒಲಿಂಪಿಕ್ಸ್‌ಗೆ ಹೋದರು.

ಈಗ ನಮ್ಮ ಪಂದ್ಯಗಳಲ್ಲಿ ಬೆಂಚ್ ಮೇಲಿನ ಹುಡುಗನೊಬ್ಬ ಪ್ರತಿ ಬ್ಯಾಸ್ಕೆಟ್‌ಗೆ ಹಿಂದಿನ ಪಾಸ್ ಯಾರದ್ದೆಂದು ಬರೆಯುತ್ತಾನೆ. ಆಟದ ನಂತರ ಸ್ಕೋರ್ ಮಾತಾಡುವ ಮೊದಲು ಆ ಹಾಳೆ ಓದುತ್ತೇವೆ. ಡಿಫೆನ್ಸ್ ಪಾಠಕ್ಕೆ ಇನ್ನೊಂದು ಜೋಡಿ ತೆಗೆದಿಟ್ಟಿದ್ದೇನೆ: ಸೆರ್ಬಿಯಾ ವಿರುದ್ಧ 2023ರಲ್ಲಿ 115–83ರ ಸೋಲು, 2024ರಲ್ಲಿ 96–85ರ ಸೋಲು. ಎರಡೂ ಸೋಲೇ. ಎದುರಾಳಿಗೆ 19 ಪಾಯಿಂಟ್ ಕಡಿಮೆಯಾದದ್ದು ಎಲ್ಲೆಲ್ಲಿ ಎಂದು ಈ ಸಲ ಹುಡುಗರೇ ಹುಡುಕಲಿ.