ಬಫರ್ ಎಷ್ಟಿಡಲಿ?

ರೆಕಾರ್ಡಿಂಗ್ ಮುಗಿಸಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ನನ್ನ ದನಿಯ ನಡುನಡುವೆ ಚಟ್, ಚಟ್ ಎಂಬ ಸದ್ದು. ಒಣಕಡ್ಡಿ ಮುರಿದ ಹಾಗೆ. ಮೈಕ್ ಬದಲಿಸಿದೆ, ವೈರ್ ಬದಲಿಸಿದೆ, ಫ್ಯಾನ್ ಆರಿಸಿ ಬೆವರುತ್ತಾ ಕೂತೆ. ಊಹೂಂ. ವಾರಕ್ಕೊಂದು ಕಥೆ ಓದುವ ಪಾಡ್‌ಕಾಸ್ಟ್ ಶುರು ಮಾಡಿ ಅದು ಎರಡನೇ ವಾರ. ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ ತಂತ್ರಾಂಶದ ಸೆಟ್ಟಿಂಗ್ಸ್‌ನ ಒಂದು ಮೂಲೆಯಲ್ಲಿ 'ಬಫರ್ ಸೈಜ್ 64' ಎಂದಿದ್ದದ್ದು ಕಣ್ಣಿಗೆ ಬಿತ್ತು.

ಅಲ್ಲಿಯವರೆಗೆ ಬಫರ್ ಎಂದರೆ ನನ್ನ ಪಾಲಿಗೆ ವಿಡಿಯೊ ನಡುವೆ ನಿಂತು ಸುತ್ತುವ ಚಕ್ರ, ಅಷ್ಟೇ. ನಿಜ ಹೇಳಬೇಕೆಂದರೆ ಆ ಚಕ್ರ ಸುತ್ತುವುದು ಬಫರ್ ಖಾಲಿಯಾದಾಗ. ಇದ್ದಷ್ಟು ಹೊತ್ತು ಯಾರೂ ಅದರ ಹೆಸರೆತ್ತುವುದಿಲ್ಲ, ಮುಗಿದಾಗ ಬೈಗುಳವೆಲ್ಲ ಅದಕ್ಕೇ.

ನನ್ನ ರೆಕಾರ್ಡಿಂಗಿನಲ್ಲಿ ದನಿ ಸೆಕೆಂಡಿಗೆ 48,000 ಸ್ಯಾಂಪಲ್‌ಗಳಾಗಿ (ದನಿಯ ಚೂರುಚೂರು ಅಳತೆಗಳಾಗಿ) ಒಳಬರುತ್ತದೆ. ಮೈಕ್ ಕಡೆಯಿಂದ ಅವು ಬರುವುದು ಒಂದೇ ಸಮ. ಕಂಪ್ಯೂಟರ್ ಹಾಗಲ್ಲ, ಅದಕ್ಕೆ ನೂರೆಂಟು ಕೆಲಸ. ಒಮ್ಮೆ ಇತ್ತ ನೋಡುತ್ತದೆ, ಒಮ್ಮೆ ಅತ್ತ. ಎಡೆಬಿಡದೆ ಸುರಿಯುವವನಿಗೂ ಬಿಡುವಾದಾಗ ಬಂದು ಮೊಗೆಯುವವನಿಗೂ ನಡುವೆ ಒಂದು ತೊಟ್ಟಿ ಬೇಕು. ಅದೇ ಬಫರ್. 64 ಸ್ಯಾಂಪಲ್ಲಿನ ತೊಟ್ಟಿ ಎಂದರೆ ಸುಮಾರು 1.3 ಮಿಲಿಸೆಕೆಂಡಿನ ಅವಕಾಶ. ಅಷ್ಟರೊಳಗೆ ಕಂಪ್ಯೂಟರ್ ಬಂದು ಮೊಗೆಯದಿದ್ದರೆ ಚೂರು ದನಿ ಚೆಲ್ಲಿಹೋಗುತ್ತದೆ. ಚೆಲ್ಲಿದ ಜಾಗದಲ್ಲಿ ಚಟ್.

ತೊಟ್ಟಿ ದೊಡ್ಡದು ಮಾಡಿದರಾಯಿತು ಎಂದು ಸೀದಾ 2048ಕ್ಕೆ ಏರಿಸಿದೆ. ಚಟ್ ಮಾಯ. ಆದರೆ ಬಾಯಿ ತೆರೆದರೆ ಹೆಡ್‌ಫೋನಿನಲ್ಲಿ ನನ್ನದೇ ದನಿ ಬೆನ್ನ ಹಿಂದೆ ನಿಂತು ಅಣಕಿಸತೊಡಗಿತು. ಒಳಹೋಗಲು 43 ಮಿಲಿಸೆಕೆಂಡ್, ಹೊರಬರಲು ಇನ್ನಷ್ಟೇ. 'ಒಂದಾನೊಂದು' ಎನ್ನಲು ಹೊರಟರೆ ನಾನು 'ನೊಂ' ತಲುಪಿದಾಗ ಕಿವಿಯಲ್ಲಿ 'ದಾ' ಇನ್ನೂ ಮುಗಿದಿಲ್ಲ. ಮೂರನೇ ವಾಕ್ಯಕ್ಕೇ ನಾಲಿಗೆ ತಡವರಿಸಿತು. ತನ್ನ ದನಿ ತನಗೇ ತಡವಾಗಿ ಕೇಳಿದರೆ ಯಾರ ಮಾತೂ ಕೆಡುತ್ತದೆ. ತಡ 200 ಮಿಲಿಸೆಕೆಂಡಿನ ಹತ್ತಿರ ಬಂದರಂತೂ ಸರಾಗವಾಗಿ ಮಾತಾಡುವವರೂ ತೊದಲುತ್ತಾರೆ.

ಕೊನೆಗೆ ಕೈಗೆ ಹತ್ತಿದ ಲೆಕ್ಕ ಇದು: ಓದುವಾಗ 128, ಓದಿದ್ದನ್ನು ಎಡಿಟ್ ಮಾಡಿ ಮಿಕ್ಸ್ ಮಾಡುವಾಗ 1024. ಮಿಕ್ಸಿಂಗಿನಲ್ಲಿ ಕಂಪ್ಯೂಟರಿಗೆ ಹೊರೆ ಹೆಚ್ಚು, ಆದರೆ ಆಗ ಯಾರೂ ಮಾತಾಡುತ್ತಿರುವುದಿಲ್ಲ, ತಡವಾದರೆ ಆಗಲಿ. (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇದೆಯೆಂದೂ, ಅದನ್ನು ಒತ್ತಿದರೆ ದನಿ ಕಂಪ್ಯೂಟರಿನ ಸುತ್ತು ಹಾಕದೆ ನೇರ ಕಿವಿಗೆ ಬರುತ್ತದೆಂದೂ ತಿಳಿದದ್ದು ಎಂಟು ತಿಂಗಳ ನಂತರ. ಆ ಗುಂಡಿ ಅಷ್ಟೂ ದಿನ ನನ್ನ ಮೊಣಕೈ ಪಕ್ಕದಲ್ಲೇ ಇತ್ತು.)

ಇದೇ ಪಾಠ ಇನ್ನೊಂದು ಕಡೆ ಮತ್ತೆ ಕಲಿಯಬೇಕಾಯಿತು. ಮೊದಮೊದಲು ಪ್ರತಿ ಕಂತನ್ನೂ ಪ್ರಸಾರದ ಹಿಂದಿನ ರಾತ್ರಿ ಮುಗಿಸುತ್ತಿದ್ದೆ. ಯುದ್ಧಕಾಲೇ ಶಸ್ತ್ರಾಭ್ಯಾಸ. ಹನ್ನೊಂದನೇ ವಾರ ಗಂಟಲು ಕಟ್ಟಿತು, ಎರಡು ಕಂತು ತಪ್ಪಿದವು. ಅವಮಾನದ ಬಿಸಿ ಇರುವಾಗಲೇ ಹಟಕ್ಕೆ ಬಿದ್ದು ಕಂತುಗಳನ್ನು ಕೂಡಿಡಲು ಶುರು ಮಾಡಿದೆ. ಗಾಳಿ ಬಂದಾಗ ತೂರಿಕೊಂಡೆ, ಒಂದೊಂದು ಭಾನುವಾರ ಮೂರು ಕಂತು. 'ಬಫರ್' ಎಂಬ ಫೋಲ್ಡರಿನಲ್ಲಿ ಹತ್ತು ಕಂತು ಸೇರಿದವು. ಅವನ್ನು ಎಣಿಸುವ ಸುಖವೇ ಬೇರೆ.

ಆ ಸುಖ ಬಹಳ ದಿನ ಉಳಿಯಲಿಲ್ಲ. ಕೇಳುಗರೊಬ್ಬರು ಬರೆದರು: ಕಥೆಯ ನಂತರ ನೀವು ಆಡುವ ಎರಡು ಮಾತಿಗಾಗಿಯೇ ಕಾಯುತ್ತಿದ್ದೆ, ಈಚೆಗೆ ಅವು ಯಾರದೋ ಮಾತಿನ ಹಾಗಿವೆ. ಸಿಟ್ಟು ಬಂತು. ಆಮೇಲೆ ಆ ವಾರದ ಕಂತನ್ನು ನಾನೇ ಹಾಕಿ ಕೇಳಿದೆ. 'ಈ ಮಳೆಯಲ್ಲಿ' ಎಂದು ಶುರುವಾಗುತ್ತದೆ. ಹೊರಗೆ ಸುಡು ಬಿಸಿಲು. ಎರಡು ತಿಂಗಳ ಹಿಂದಿನ ನಾನು ಇವತ್ತಿನವನಂತೆ ನಟಿಸುತ್ತಿದ್ದೆ. ಕೇಳುಗರ ಪತ್ರಕ್ಕೆ ಕಂತಿನಲ್ಲಿ ಕೊಟ್ಟ ಉತ್ತರ ಅವರನ್ನು ಮುಟ್ಟಲು ಹತ್ತು ವಾರ. 2048ರಲ್ಲಿ ಕೇಳಿದ ಅಣಕುದನಿಯೇ ಇದು, ಅಳತೆ ಮಾತ್ರ ಮಿಲಿಸೆಕೆಂಡಿನ ಬದಲು ವಾರ. ಇಂಟರ್ನೆಟ್ಟಿನ ರೂಟರ್‌ಗಳಲ್ಲೂ ಈ ಕಾಯಿಲೆ ಇದೆಯಂತೆ, ಅದಕ್ಕೆ 'ಬಫರ್‌ಬ್ಲೋಟ್' ಎಂಬ ಹೆಸರೂ ಇದೆ: ಏನೂ ಕಳೆದುಹೋಗಬಾರದೆಂದು ತೊಟ್ಟಿಯನ್ನು ಅತಿ ದೊಡ್ಡದು ಮಾಡಿದರೆ ಎಲ್ಲವೂ ಸಾಲಿನಲ್ಲಿ ನಿಂತು ತಡವಾಗುತ್ತದೆ.

ಈಗ ಮೂರಕ್ಕಿಂತ ಹೆಚ್ಚು ಕೂಡಿಡುವುದಿಲ್ಲ. ಅದರಲ್ಲೂ ಕಥೆ ಮಾತ್ರ ಮುಂಚೆ ಓದಿಡುತ್ತೇನೆ, ಕೊನೆಯ ಎರಡು ಮಾತು ಆಯಾ ವಾರದ್ದೇ.

ಸಮಯದ ಬಫರ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವ ಗೋಳು. ಎರಡು ಗಂಟೆಯ ಎಡಿಟಿಂಗಿಗೆ ಮೂರು ಗಂಟೆ ಎಂದು ಬರೆದಿಟ್ಟರೆ ಅದು ಮೂರೂವರೆ ತಿನ್ನುತ್ತದೆ. ಕೊಟ್ಟಷ್ಟು ಹೊತ್ತಿಗೂ ಕೆಲಸ ಹಿಗ್ಗುತ್ತದೆ ಎಂದು ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1955ರಲ್ಲೇ ಬರೆದಿದ್ದರು. 1997ರಲ್ಲಿ ಮ್ಯಾನೇಜ್‌ಮೆಂಟ್ ಚಿಂತಕ ಗೋಲ್ಡ್‌ರಾಟ್ ಒಂದು ದಾರಿ ತೋರಿಸಿದರು: ಒಂದೊಂದು ಕೆಲಸದೊಳಗೂ ಬಚ್ಚಿಟ್ಟ ಹೆಚ್ಚುವರಿ ಹೊತ್ತನ್ನೆಲ್ಲ ಹೊರತೆಗೆದು ಕೊನೆಯಲ್ಲಿ ಒಟ್ಟಿಗೆ ಇಡಿ. ನಾನು ಶುಕ್ರವಾರ ಸಂಜೆಯನ್ನು ಖಾಲಿ ಬಿಟ್ಟೆ. ಮೊದಲ ತಿಂಗಳು ಬರೀ ಅಪರಾಧಿ ಭಾವ. ಈಗ ವಾರ ಪೂರ್ತಿ ಉಕ್ಕಿದ್ದೆಲ್ಲ ಅಲ್ಲಿಗೆ ಬಂದು ಇಂಗುತ್ತದೆ.

ಇದನ್ನೆಲ್ಲ ಕೇಳಿದ ಗೆಳತಿ ನಕ್ಕಳು. ಅವಳು ಲ್ಯಾಬಿನಲ್ಲಿ ಕೆಲಸ ಮಾಡುವವಳು. "ನಿಂದು ತೊಟ್ಟಿ ಕಣೋ, ನಮ್ಮ ಬಫರ್ ಬೇರೆ. ಬಾ, ತೋರಿಸ್ತೀನಿ" ಎಂದಳು. ಗಾಜಿನ ಬೀಕರಿನಲ್ಲಿ ಬಫರ್ ದ್ರಾವಣ, ಅದರಲ್ಲಿ ಅದ್ದಿದ ಪಿಎಚ್ ಮೀಟರ್ (ಆಮ್ಲ ಹೆಚ್ಚಿದಷ್ಟೂ ಅದರ ಅಂಕಿ ಇಳಿಯುತ್ತದೆ). ಮೇಲಿಂದ ಆಮ್ಲ ಹನಿ ಹನಿಯಾಗಿ ಬಿಟ್ಟಳು. ಮೀಟರಿನ ಅಂಕಿ ಅಲುಗಿದ್ದೂ ಕಷ್ಟದಲ್ಲಿ. ಇನ್ನೊಂದು ಹನಿ, ಮತ್ತೊಂದು. ನಮ್ಮ ರಕ್ತದ ಪಿಎಚ್ 7.35ರಿಂದ 7.45ರೊಳಗೆ ನಿಲ್ಲುವುದರಲ್ಲಿ ಬೈಕಾರ್ಬೊನೇಟಿನ ಇಂಥದೇ ಬಫರಿನ ಕೈವಾಡ ದೊಡ್ಡದು ಎಂದು ವಿವರಿಸುತ್ತಲೇ ಹನಿ ಬಿಡುತ್ತಿದ್ದಳು. ನನಗೆ ಬೇಜಾರು ಬರುವ ಹೊತ್ತಿಗೆ ಅಂಕಿ ದಡದಡ ಇಳಿಯಿತು. ಹಿಂದಿನ ಹನಿಗಳಿಗಿಂತ ಈ ಹನಿ ದೊಡ್ಡದೇನಲ್ಲ.

ಪಾಡ್‌ಕಾಸ್ಟಿನ ಮೊದಲ ವರ್ಷದ ಕೊನೆ ನೆನಪಾಯಿತು. ಹತ್ತಾರು ಜನ ಹತ್ತಾರು ಕೆಲಸ ತಂದಾಗಲೂ "ಆಗುತ್ತೆ ಬಿಡಿ" ಎಂದು ನಗುತ್ತಿದ್ದವನು ನಾನು. ಒಂದು ಸಂಜೆ ತಂಗಿ ಬಾಗಿಲಲ್ಲಿ ನಿಂತು, "ಅಣ್ಣಾ, ಚಾರ್ಜರ್ ಎಲ್ಲಿಟ್ಟೆ?" ಎಂದಷ್ಟೇ ಕೇಳಿದಳು. ಮನೆ ಹಾರಿಹೋಗುವಂತೆ ಕೂಗಾಡಿದೆ. ಅವಳು ಇವತ್ತಿಗೂ ಚಾರ್ಜರ್ ಬೇಕಾದರೆ ಮೊದಲು ನನ್ನ ಮುಖ ನೋಡುತ್ತಾಳೆ.

ತೊಟ್ಟಿಯಲ್ಲಿ ಎಷ್ಟಿದೆ ಎಂದು ಇಣುಕಿ ನೋಡಬಹುದು, ಫೋಲ್ಡರ್ ತೆರೆದು ಎಣಿಸಬಹುದು. ಬೀಕರಿನದು ಹಾಗಲ್ಲ. ಆಮ್ಲ ಎಷ್ಟು ಬಿದ್ದಿದೆ ಎಂದು ಹನಿ ಬಿಟ್ಟವರು ಲೆಕ್ಕ ಇಟ್ಟಿರಬೇಕು. ಅದಕ್ಕೇ ಈಚೆಗೆ ಒಪ್ಪಿಕೊಂಡ ಕೆಲಸಗಳನ್ನು ಕಂತಿನ ಪಟ್ಟಿಯ ಕೆಳಗೇ ಒಂದೊಂದು ಗೆರೆ ಎಳೆದು ಗುರುತು ಹಾಕುತ್ತೇನೆ. ಈ ವಾರ ಏಳು ಗೆರೆ ಆಗಿವೆ, ಎಂಟನೆಯದಕ್ಕೆ ಈಗಷ್ಟೇ ಫೋನಿನಲ್ಲಿ ಆಗಲ್ಲ ಎಂದೆ. ಫೋಲ್ಡರಿನಲ್ಲಿ ಎರಡು ಕಂತು ಇವೆ. ಒಂದರ ಹದಿನಾಲ್ಕನೇ ನಿಮಿಷದಲ್ಲಿ ಇನ್ನೂ ಒಂದು ಚಟ್ ಉಳಿದಿದೆ, ಶುಕ್ರವಾರ ಸಂಜೆ ತೆಗೆಯಬೇಕು.